ಇಲಿಯಮ್ಮನ ಹಿಂಬಾಗಿಲು

ಗದ್ದೆಯ ಬದುವಿನ ಬಿಲದಲ್ಲಿದ್ದ ಇಲಿಯಮ್ಮನಿಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಡುಮನೆಯ ತುಂಬ ಜೊಳ್ಳು ತೆನೆ, ಹರಕು ಗೋಣಿ, ಕರಟದ ಚೂರು.

“ಇವನ್ನೆಲ್ಲ ಹೊರಗೆ ಎಸೆಯಲೇನಮ್ಮ?” ಎಂದಳು ಮಗಳು.

“ಬೇಡ, ಮುಂದೆ ಯಾವುದಕ್ಕಾದರೂ ಬೇಕಾದೀತು,” ಎನ್ನುತ್ತ ಇಲಿಯಮ್ಮ ಒಂದೊಂದನ್ನೂ ಎಳೆದೊಯ್ದು ಹಿಂಬಾಗಿಲ ಸುರಂಗಕ್ಕೆ ತುರುಕಿದಳು.

ಮೂಲೆಯಲ್ಲಿದ್ದ ಅತ್ತೆ ಗೊಣಗಿದಳು. “ಅಲ್ಲಮ್ಮಾ, ನಾವು ಓಡಿಹೋಗುವ ದಾರಿಯಲ್ಲವೇ ಅದು?”

“ಇವತ್ತೊಂದು ದಿನ ಸುಮ್ಮನಿರಿ ಅತ್ತೆ. ಬರುವವರು ಮುಂಬಾಗಿಲಿಂದ ಬರುತ್ತಾರೆ. ಹಿಂದೇನಿದೆ ಅಂತ ಯಾರು ನೋಡುತ್ತಾರೆ?”

ನಡುಮನೆ ಲಕಲಕ ಎಂದಿತು. ಆದರೂ ಅವಳಿಗೆ ಸಮಾಧಾನವಿಲ್ಲ; ಗುಡಿಸಿದ ಜಾಗವನ್ನೇ ಬಾಲದಿಂದ ಮತ್ತೆ ಮತ್ತೆ ಗುಡಿಸಿದಳು. ಅಷ್ಟರಲ್ಲಿ ಮುಂಬಾಗಿಲಿಗೆ ಯಾರೋ ಅಡ್ಡ ಬಂದಂತೆ ಬೆಳಕು ಮರೆಯಾಯಿತು. “ಬನ್ನಿ, ಬನ್ನಿ,” ಎಂದು ಓಡಿದವಳು ಅಲ್ಲೇ ನಿಂತುಬಿಟ್ಟಳು. ಬಾಗಿಲಲ್ಲಿದ್ದದ್ದು ನಾಗರಹಾವು.

ಮೂವರೂ ಹಿಂಬಾಗಿಲಿಗೆ ಓಡಿದರು. ಗೋಣಿ ಎಳೆದರೆ ಕರಟ, ಕರಟ ಎಳೆದರೆ ತೆನೆ. ದಾರಿ ಮಾತ್ರ ತೆರೆಯಲಿಲ್ಲ.

“ಗಾಬರಿ ಬೇಡ ತಾಯಿ,” ಎಂದಿತು ಹಾವು, ನಿಧಾನವಾಗಿ ಒಳಗೆ ಸರಿಯುತ್ತ. “ಎಷ್ಟೋ ಬಿಲ ಹೊಕ್ಕಿದ್ದೇನೆ. ಇಷ್ಟು ಅಚ್ಚುಕಟ್ಟಾದ ನಡುಮನೆ ಎಲ್ಲೂ ಕಂಡಿರಲಿಲ್ಲ.”