ಒದ್ದೆ ಹೊಟ್ಟೆಯ ಹಕ್ಕಿ

ಈ ಕಥೆ ನಮ್ಮ ಮನೆಯಲ್ಲಿ ನಾನೇ ಹೇಳಬೇಕು. ಬೇರೆಯವರಿಗೆ ಬಿಟ್ಟರೆ ತಾತನನ್ನು ಸಂತ ಮಾಡಿ ಕೂರಿಸುತ್ತಾರೆ. ಸಂತರೂ ಅಲ್ಲ, ಗಿಂತರೂ ಅಲ್ಲ. ಮಹಾ ಹಠಮಾರಿ.

ತಾತ ಶಂಭುಲಿಂಗಯ್ಯ. ನಮ್ಮ ಸೀಮೆಯಲ್ಲಿ ಯಾರಿಗೂ ಹೊಳೆಯದ ಕಾಲದಲ್ಲಿ ಕ್ಯಾಮೆರಾ ಹೊತ್ತು ಕಾಡು, ಹೊಳೆ ಅಲೆದವರು. ಅವರಿಗಿದ್ದ ಶಿಷ್ಯೆ ಒಬ್ಬಳೇ, ಸೊಸೆ ನೀಲಾಂಬಿಕೆ. ಅಂದರೆ ನಮ್ಮವ್ವ.

ಕಾವೇರಿಯ ಮರಳುದಿಬ್ಬದಲ್ಲಿ ರೀವ ಎಂಬ ಬೆಳ್ಳನೆಯ ಹೊಳೆಹಕ್ಕಿಗಳು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತವೆ. ಮರಳು ಕೆಂಡವಾದಾಗ ತಾಯಿಹಕ್ಕಿ ಹೊಳೆಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ತಾತ ಇದನ್ನು ಕಣ್ಣಾರೆ ಕಂಡಿದ್ದರು.

ಮೈಸೂರಿನ ಪಕ್ಷಿಪ್ರಿಯರ ಕೂಟದಲ್ಲಿ ಹೇಳಿದರೆ ಅಧ್ಯಕ್ಷರಾದ ವಕೀಲ ಹಿರಣ್ಣಯ್ಯನವರು ನಕ್ಕುಬಿಟ್ಟರಂತೆ. "ಬಿಸಿಲು ತಲೆಗೇರಿದೆ ಸ್ವಾಮಿ. ಮಜ್ಜಿಗೆ ಕುಡೀರಿ."

ಸಿನಿಮಾ ತೆಗೆದು ತೋರಿಸದೆ ಬಿಡುವುದಿಲ್ಲ ಎಂದು ತಾತ ಪಟ್ಟು ಹಿಡಿದರು. ಆದರೆ ಕಣ್ಣು ಮಂಜಾಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದರು. ಯುದ್ಧದ ಕಾಲ ಬೇರೆ, ರೀಲು ಸಿಗುತ್ತಿರಲಿಲ್ಲ. ಟ್ರಂಕಿನಲ್ಲಿ ಉಳಿದದ್ದು ಎರಡೇ.

"ನೀಲಾ, ನೀನು ತೆಗಿ. ನನ್ನ ಕಣ್ಣು ಪೂರ್ತಿ ಹೋಗೋದ್ರೊಳಗೆ ನಾನು ಅದನ್ನ ಪರದೆ ಮೇಲೆ ನೋಡಬೇಕು" ಎಂದರು.

ಅಜ್ಜಿ ರೇಗಿದರು. "ಸೊಸೇನ ಮರಳಲ್ಲಿ ಹುರೀತೀರಾ?"

"ನಾನು ಹೋಗ್ತೀನಿ ಅತ್ತೆ" ಎಂದಳು ಅವ್ವ.

ದಿಬ್ಬದ ಮೇಲೆ ಜೊಂಡು, ಗೋಣಿತಾಟಿನಿಂದ ಒಂದು ಮರೆ ಕಟ್ಟಿದ್ದರು. ಅದರೊಳಕ್ಕೆ ಇಬ್ಬರೂ ಹೋಗುವುದು, ಆಮೇಲೆ ತಾತ ಒಬ್ಬರೇ ಹೊರಬಂದು ಟವಲು ಬೀಸುತ್ತಾ, ಜೋರಾಗಿ ಕೆಮ್ಮುತ್ತಾ ದೋಣಿ ಹತ್ತಿ ಹೋಗುವುದು.

"ಯಾಕೆ ಮಾವ ಇಷ್ಟು ಗದ್ದಲ?"

"ಹಕ್ಕಿಗೆ ಲೆಕ್ಕ ಬರಲ್ಲ. ಒಬ್ಬ ಹೋದದ್ದು ಕಂಡರೆ ಸಾಕು, ಮರೆ ಖಾಲಿ ಅಂದ್ಕೊಳ್ಳುತ್ತೆ. ಹೋಗೋನು ಚೆನ್ನಾಗಿ ಕಾಣಿಸ್ಕೊಂಡು ಹೋಗಬೇಕು."

ಮೊದಲ ದಿನ ಹಕ್ಕಿಗಳು ಒಟ್ಟಿಗೆ ಎದ್ದವು. ಎಂಥಾ ಚೆಂದ! ಅವ್ವ ಗುಂಡಿ ಒತ್ತಿದಳು. ಮೀನು ಹಿಡಿದವು, ಒತ್ತಿದಳು. ನೀರಲ್ಲಿ ನೆರಳು ಬಿತ್ತು, ಅದಕ್ಕೂ ಒತ್ತಿದಳು. ರೀಲು ಮುಗಿಯಿತು.

ಮುಗಿದ ಮರುಗಳಿಗೆ ಎದುರಿನ ಗೂಡಿನ ಹಕ್ಕಿ ಹೊಟ್ಟೆಯಿಂದ ನೀರು ತೊಟ್ಟಿಕ್ಕಿಸುತ್ತಾ ಬಂದು ಮೊಟ್ಟೆಯ ಮೇಲೆ ಕೂತಿತು.

ಅವ್ವ ಅಳುತ್ತಾ ದಡಕ್ಕೆ ಬಂದಳು.

"ಏನೇನು ತೆಗೆದೆ?" ತಾತ ಕೇಳಿದರು.

"ಚೆನ್ನಾಗಿದ್ದದ್ದನ್ನೆಲ್ಲಾ ತೆಗೆದೆ ಮಾವ."

ತಾತ ಅವಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಮನೆಯತ್ತ ನಡೆದರು. ಬೈದಿದ್ದರೇ ವಾಸಿಯಿತ್ತು ಎಂದು ಅವ್ವ ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ಮಾರನೇ ದಿನ ಕ್ಯಾಮೆರಾ ಕೈಗೆ ಕೊಟ್ಟರು. ಹಗುರವಾಗಿತ್ತು.

"ರೀಲು?"

"ಹಾಕಿಲ್ಲ."

"ಖಾಲಿ ಕ್ಯಾಮೆರಾದಲ್ಲಿ ಏನು ತೆಗೀಲಿ ಮಾವ?"

"ಅದನ್ನ ಸಂಜೆ ಬಂದು ನೀನೇ ಹೇಳು."

ಸಂಜೆ ಬಂದಳು. "ಏನೂ ಇಲ್ಲ. ಸೆಕೆ."

ಮರುದಿನವೂ ಖಾಲಿ. ಅದರ ಮರುದಿನವೂ. ಅಜ್ಜಿ ದಿನಾ ರಾಗಿ ಅಂಬಲಿ ಕಟ್ಟಿಕೊಟ್ಟರು, ದಿನಾ ಬೈದರು. ಅವ್ವನ ಮೂಗಿನ ಚರ್ಮ ಸುಲಿಯಿತು. ಮೊಟ್ಟೆಗಳು ಇಂದೋ ನಾಳೆಯೋ ಒಡೆಯುವ ಹಾಗಿದ್ದವು. ಆದರೂ ತಾತ ಟ್ರಂಕಿನ ಬೀಗ ತೆಗೆಯಲಿಲ್ಲ.

ಒಂದು ಸಂಜೆ ಅವ್ವ ದೋಣಿಯಿಂದ ಇಳಿಯುವ ಮೊದಲೇ ಕೂಗಿದಳು. "ಮಾವ! ಅದು ಸುಮ್ನೆ ಏಳಲ್ಲ. ಮೊದಲು ಕೊಕ್ಕು ತೆರೆದು ಏದುಸಿರು ಬಿಡುತ್ತೆ. ಆಮೇಲೆ ಮೊಟ್ಟೆ ನೋಡುತ್ತೆ, ಹೊಳೆ ನೋಡುತ್ತೆ, ಇನ್ನೊಂದು ಸಲ ಮೊಟ್ಟೆ ನೋಡುತ್ತೆ. ಬಿಟ್ಟು ಹೋಗೋಕೆ ಅದಕ್ಕೆ ಮನಸ್ಸೇ ಬರಲ್ಲ, ಪಾಪ. ಆಮೇಲೇ ಹಾರುತ್ತೆ!"

ತಾತ ಎದ್ದು ಹೋಗಿ ಟ್ರಂಕು ತೆರೆದರು.

ಬೆಳಿಗ್ಗೆ ಮರೆಯೊಳಗೆ ಅವ್ವ ಕ್ಯಾಮೆರಾ ಎದೆಗೊತ್ತಿಕೊಂಡು ಹೇಳಿದಳು. "ಇದೊಂದೇ ಉಳಿದಿರೋದು. ನನ್ನ ಕೈಲಿ ಕೆಟ್ಟರೆ ನಿಮ್ಮ ಕಣ್ಣಿಗೆ ಇನ್ನೆಂದೂ ಇಲ್ಲ. ಇವತ್ತು ನೀವೂ ಕೂತ್ಕೊಳ್ಳಿ ಮಾವ."

ತಾತ ಟವಲು ಕೊಡವಿದರು. ಹೊರಗೆ ಹೋದರು. ಅವತ್ತಿನಷ್ಟು ಜೋರಾಗಿ ಅವರು ಎಂದೂ ಕೆಮ್ಮಿರಲಿಲ್ಲ.

ಹಕ್ಕಿಗಳು ಇಳಿದವು. ಬಿಸಿಲೇರಿತು. ಒಂದು ಹದ್ದು ಹಾದುಹೋಗಿ ಹಿಂಡಿಗೆ ಹಿಂಡೇ ಎದ್ದು ಆಕಾಶ ಬೆಳ್ಳಗಾಯಿತು. ಅಂಥ ನೋಟವನ್ನು ಅವ್ವ ಜನ್ಮದಲ್ಲಿ ಕಂಡಿರಲಿಲ್ಲ. ಒತ್ತಲಿಲ್ಲ.

ಹಿಂಡು ಮತ್ತೆ ಇಳಿದು, ಮರಳು ಕಾದು ಕಾದು, ಕೊನೆಗೆ ಎದುರಿನ ಹಕ್ಕಿ ಕೊಕ್ಕು ತೆರೆಯಿತು. ಮೊಟ್ಟೆ ನೋಡಿತು. ಹೊಳೆ ನೋಡಿತು. ಮತ್ತೆ ಮೊಟ್ಟೆ ನೋಡಿತು.

ಅವ್ವ ಗುಂಡಿ ಒತ್ತಿದಳು.

ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ನಮ್ಮ ನಡುಮನೆಯ ಗೋಡೆಗೆ ತಾತನ ಬಿಳಿ ಪಂಚೆ ಕಟ್ಟಿದರು. ಕೂಟದವರೆಲ್ಲ ಬಂದರು, ಹಿರಣ್ಣಯ್ಯನವರೂ ಬಂದರು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ಅಜ್ಜಿಯ ಕೈ ಹಿಡಿದು ನಿಂತಿದ್ದಳು.

ತಾತನಿಗೆ ದೂರದಿಂದ ಕಾಣುತ್ತಿರಲಿಲ್ಲ. ಪಂಚೆಗೆ ಮೂಗು ತಾಗುವಷ್ಟು ಹತ್ತಿರ, ಒಂದು ಪಕ್ಕಕ್ಕೆ ಕೂತಿದ್ದರು.

ಹಕ್ಕಿ ಹಾರಿತು. ಹೊಳೆಗೆ ಹೊಟ್ಟೆ ತಾಗಿಸಿತು, ಮತ್ತೊಮ್ಮೆ ತಾಗಿಸಿತು. ತೊಟ್ಟಿಕ್ಕುತ್ತಾ ಬಂತು. ಒಂದು ಹನಿ ಮೊಟ್ಟೆಯ ಮೇಲೆ ಬಿದ್ದು ಹೊಳೆಯಿತು.

ತಾತ ಕೈ ಚಾಚಿ ಪಂಚೆಯ ಮೇಲೆ ಆ ಮೊಟ್ಟೆಯನ್ನು ಮುಟ್ಟಿದರು. "ಅಯ್ಯೋ ನನ್ನ ತಾಯಿ, ಕಂಡೆ ಕಣೇ!" ಎಂದು ಮಗುವಿನ ಹಾಗೆ ನಕ್ಕರು.

ಮನೆ ಚಪ್ಪಾಳೆಯಿಂದ ತುಂಬಿಹೋಯಿತು. ಸೊಸೆಯನ್ನು ಹುರೀತೀರಾ ಎಂದಿದ್ದ ಅಜ್ಜಿ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹಿರಣ್ಣಯ್ಯನವರು ಎದ್ದು ತಾತನಿಗೆ ಕೈಮುಗಿದರು. "ಸೋತೆ ಸ್ವಾಮಿ, ತಪ್ಪಾಯ್ತು. ಅಲ್ಲಾ, ಹಕ್ಕಿಗೆ ಗೊತ್ತಾಗದ ಹಾಗೆ ಅಷ್ಟು ಹತ್ತಿರ ಹೇಗೆ ಕೂತಿದ್ರಿ?"

"ಕೂತವಳು ಆ ಬಾಗಿಲ ಹಿಂದೆ ಇದ್ದಾಳೆ, ಅವಳನ್ನ ಕೇಳಿ" ಎಂದರು ತಾತ. "ಎದ್ದು ಹೋಗೋದಷ್ಟೇ ನನ್ನ ಕೆಲಸ."