ಹಾಸುಬಂಡೆಯವಳು

"ಸರ್, ಒಂದೇ ಒಂದು ದಾರಿ ತಡವಾದರೆ ಇಡೀ ಸರ್ಕ್ಯೂಟ್ ಯಾಕೆ ನಿಧಾನವಾಗಬೇಕು?" ಎಂದು ಸುಗುಣಾ ಕೇಳಿದಳು.

ಗುರುಗಳು ಕಾಲೇಜಿನಲ್ಲಿ ಲಾಜಿಕ್ ಸರ್ಕ್ಯೂಟ್ ಕಲಿಸುವವರು. ತರಗತಿ ಮುಗಿದು, ಲ್ಯಾಬಿನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಸುಗುಣಾ ಐದು ಜನರ ಗುಂಪಿನ ಮುಖ್ಯಸ್ಥೆ. ಐವರೂ ಸೇರಿ ಒಂದು ಸರ್ಕ್ಯೂಟ್ ಮಾಡಿದ್ದರು. ಅದರಲ್ಲಿ ಕ್ಲಾಕಿನ ಒಂದು ಬಡಿತಕ್ಕೆ ಹೊರಟ ಸಂಕೇತ ಮುಂದಿನ ಬಡಿತದೊಳಗೆ ತನ್ನ ಜಾಗ ಸೇರಬೇಕು. ನಾಲ್ವರ ಭಾಗಗಳಲ್ಲಿ ಸೇರುತ್ತಿತ್ತು, ಸಮಯ ಮಿಗುತ್ತಲೂ ಇತ್ತು. ಒಬ್ಬಳ ಭಾಗದಲ್ಲಿ ಮಾತ್ರ ಸೇರುತ್ತಿರಲಿಲ್ಲ. ಬಡಿತದ ವೇಗ ಹೆಚ್ಚಿಸಿದರೆ ಉತ್ತರ ತಪ್ಪುತ್ತಿತ್ತು.

"ಅದು ಜಯಶೀಲಾಳ ಭಾಗ ಸರ್. ಅವಳು ಎಲ್ಲದರಲ್ಲೂ ನಿಧಾನ. ಅವಳನ್ನು ಗುಂಪಿನಿಂದ ಬಿಡಿಸೋಣ ಅಂತಿದ್ದೀವಿ. ನೀವು ಹೂಂ ಅಂದರೆ ನಾಳೆಯೇ ಹೇಳಿಬಿಡ್ತೀನಿ."

ಗುರುಗಳು ಲ್ಯಾಬನ್ನು ಒಮ್ಮೆ ನೋಡಿದರು. ಒಂದು ದೊಡ್ಡ ಮೇಜಿನ ಸುತ್ತ ನಾಲ್ಕು ಕುರ್ಚಿಗಳಿದ್ದವು. ಕೊನೆಯ ಕಿಟಕಿಯ ಹತ್ತಿರ ಇನ್ನೊಂದು ಮೇಜು, ಅದಕ್ಕೊಂದು ಕುರ್ಚಿ, ಜಯಶೀಲಾ ಕೂರುವ ಜಾಗ. ಆ ಕಿಟಕಿಯನ್ನು ಮುಚ್ಚದೆ ಬಂದು ಕುಳಿತರು.

"ಕೂತ್ಕೋಮ್ಮ. ಹೂಂ ಅನ್ನೋಕೆ ಮುಂಚೆ ಒಂದು ಕತೆ ಹೇಳ್ತೀನಿ," ಎಂದು ಶುರು ಮಾಡಿದರು.

ಒಬ್ಬ ವ್ಯಾಪಾರಿ ಗುಡ್ಡದ ಮೇಲೆ ಗುಡಿ ಕಟ್ಟಿಸುತ್ತಿದ್ದ. ಮಳೆ ಹಿಡಿಯುವುದರೊಳಗೆ ಗೋಡೆ ಏಳಬೇಕಿತ್ತು. ಗಾರೆ ಕಲೆಸಲು ಬೇಕಾದ ನೀರು ಮಾತ್ರ ಗುಡ್ಡದ ಬುಡದ ಕೊಳದಲ್ಲಿತ್ತು. ಕೊಳದಿಂದ ನೆತ್ತಿಯವರೆಗೆ ಹೆಂಗಸರ ಸಾಲು ನಿಂತಿತು. ಮೇಲೆ ಮೇಸ್ತ್ರಿಯ ಪಕ್ಕದಲ್ಲಿ ಒಬ್ಬ ತಮಟೆ ಬಾರಿಸುತ್ತಿದ್ದ. ಒಂದು ಪೆಟ್ಟಿಗೆ ಕೈಗೆ ಬಂದ ಕೊಡವನ್ನು, ಮುಂದಿನ ಪೆಟ್ಟು ಬೀಳುವುದರೊಳಗೆ ಮೇಲಿನವಳಿಗೆ ದಾಟಿಸಿ, ಬರಿಗೈಯಲ್ಲಿ ನಿಂತಿರಬೇಕು. ದೇವರ ಕೆಲಸದ ನೀರು. ಎತ್ತಿದ ಕೊಡ ಗುಡಿ ತಲುಪುವವರೆಗೆ ನೆಲ ಮುಟ್ಟುವಂತಿರಲಿಲ್ಲ. ಅದು ಅಲ್ಲಿಯವರ ಕಟ್ಟಳೆ.

ಗುಡ್ಡದ ನಡುವೆ ಒಂದು ಹಾಸುಬಂಡೆ ಇತ್ತು. ನುಣುಪು, ಇಳಿಜಾರು. ಅದರ ಮೇಲೆ ಕಾಲೂರಿ ನಿಲ್ಲಲು ತಾವಿರಲಿಲ್ಲ, ಹೆಜ್ಜೆ ನಿಲ್ಲಿಸದೆ ದಾಟಬೇಕು. ಹಾಗಾಗಿ ಅಲ್ಲಿ ಸಾಲು ತುಂಡಾಗಿತ್ತು. ಕೆಳಗಿನ ಅಂಚಿನಲ್ಲಿ ಕೊಡ ತೆಗೆದುಕೊಂಡು, ಬಂಡೆ ದಾಟಿ ಮೇಲಿನ ಅಂಚಿನವಳಿಗೆ ಕೊಟ್ಟು, ಮತ್ತೆ ಓಡಿ ಬರುವ ಕೆಲಸಕ್ಕೆ ಒಬ್ಬಳನ್ನು ಹಾಕಿದ್ದರು. ಯಾರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಾಸುಬಂಡೆಯವಳು ಎನ್ನುತ್ತಿದ್ದರು.

ಉಳಿದವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅವರ ಕೈ ಬೇಗ ಖಾಲಿಯಾಗುತ್ತಿತ್ತು. ಮುಂದಿನ ಪೆಟ್ಟು ಬೀಳುವವರೆಗೆ ಎಲೆಅಡಿಕೆ ಹಂಚಿಕೊಂಡು, ಅತ್ತೆಯರನ್ನು ಆಡಿಕೊಂಡು ನಗುತ್ತಿದ್ದರು. ಹಾಸುಬಂಡೆಯವಳಿಗೆ ಆ ನಗು ಕೇಳಿಸುತ್ತಿತ್ತು. ಯಾವ ಮಾತಿಗೆ ನಕ್ಕರೋ ಆ ಮಾತು ಮಾತ್ರ ಅವಳು ಅಂಚು ತಲುಪುವಷ್ಟರಲ್ಲಿ ಮುಗಿದುಹೋಗಿರುತ್ತಿತ್ತು. ಅವಳೂ ಒಂದಿಷ್ಟು ನಕ್ಕು, ಕೊಡ ಹೊತ್ತು ತಿರುಗುತ್ತಿದ್ದಳು. ಮನೆಯಲ್ಲಿ ಅವಳ ದಾರಿ ಕಾಯುವವರು ಯಾರೂ ಇರಲಿಲ್ಲ. ಗುಡ್ಡದ ಮೇಲೆ ನಗುವಾದರೂ ಕೇಳುತ್ತದಲ್ಲ ಎಂದು ಅವಳು ದಿನಾ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು.

ಆಕಾಶದಲ್ಲಿ ಮೋಡ ಕಾಣಿಸಿತು. ಗಾರೆ ಒಣಗುತ್ತಿದೆ, ನೀರು ಸಾಲದು ಎಂದು ವ್ಯಾಪಾರಿ ಗದರಿದ. ಮೇಸ್ತ್ರಿ ತಮಟೆಯ ಪೆಟ್ಟನ್ನು ಚುರುಕು ಮಾಡಿಸಿದ. ಭುಜಕ್ಕೆ ಭುಜ ನಿಂತವರಿಗೆ ಅದು ಲೆಕ್ಕಕ್ಕೇ ಬರಲಿಲ್ಲ, ಹರಟೆ ಸ್ವಲ್ಪ ಕಡಿಮೆಯಾಯಿತು ಅಷ್ಟೆ. ಹಾಸುಬಂಡೆಯವಳು ಮಾತ್ರ ಓಡಬೇಕಾಯಿತು. ಓಡಿದರೆ ನೀರು ತುಳುಕುತ್ತದೆ. ತುಳುಕುವ ಕೊಡವನ್ನು ಹಿಡಿಯಹೋದರೆ ಕೈ ಜಾರುತ್ತದೆ. ಒಂದು ಕೊಡ ಒಡೆಯಿತು, ಮತ್ತೊಂದು ಒಡೆಯಿತು. ಅವಳ ಕೆಳಗೆ ತುಂಬಿದ ಕೊಡ ಹಿಡಿದವರು ಕೈ ನೋಯಿಸಿಕೊಂಡು ನಿಂತರು. ಅವಳ ಮೇಲಿನವರು ಬರಿಗೈಯಲ್ಲಿ ನಿಂತರು.

"ಏನವ್ವಾ, ಬಂಡೆ ಮೇಲೆ ಮದುವೆ ಮೆರವಣಿಗೆ ಹೊರಟಿದ್ದೀಯಾ?" ಎಂದು ಕೆಳಗಿನಿಂದ ಒಬ್ಬಳು ಕೂಗಿದಳು. "ಮದುವಣಗಿತ್ತಿಗೆ ಯಾಕೆ ಅವಸರ ಮಾಡ್ತೀರೇ?" ಎಂದು ಮೇಲಿನಿಂದ ಇನ್ನೊಬ್ಬಳು. ಎರಡೂ ಕಡೆ ನಗೆ ಎದ್ದಿತು. ಆ ಸಲ ಮಾತು ಅವಳಿಗೆ ಸ್ಪಷ್ಟವಾಗಿಯೇ ಕೇಳಿಸಿತು.

ಮೇಸ್ತ್ರಿ ಮೇಲಿನಿಂದಲೇ ಹೇಳಿ ಕಳಿಸಿದ: ನಾಳೆಯಿಂದ ಅವಳು ಬರುವುದು ಬೇಡ. ಅವಳ ಜಾಗಕ್ಕೆ ಕಲ್ಲು ಹೊರುವ ಒಬ್ಬ ಗಟ್ಟಿ ಆಳನ್ನು ನಿಲ್ಲಿಸಿದ. ಅವಳು ಬಂಡೆಯ ಪಕ್ಕಕ್ಕೆ ಸರಿದಳು. ಮನೆಗೆ ಹೋಗಲು ಕಾಲು ಬರಲಿಲ್ಲ. ಅಲ್ಲೇ ಒಂದು ಪೊದೆಯ ನೆರಳಲ್ಲಿ ಕುಳಿತಳು.

ಗಟ್ಟಿ ಆಳೂ ಕೊಡ ಒಡೆದ. ಅವಳಿಗಿಂತ ಹೆಚ್ಚೇ ಒಡೆದ. ಈಗ ನಗಲು ಯಾರಿಗೂ ಬಾಯಿ ಬರಲಿಲ್ಲ.

ಮೇಸ್ತ್ರಿ ರೇಗಿಕೊಂಡು ಗುಡ್ಡ ಇಳಿದು ಬಂದ. ಆ ಸಾಲನ್ನು ಹೊಂದಿಸಿದವನೇ ಅವನು. ಬಂಡೆಯ ಮೇಲೆ ಕೊಡ ಹೊತ್ತು ಒಂದು ದಿನವೂ ನಡೆದವನಲ್ಲ. "ಕೊಡಿ ಇಲ್ಲಿ," ಎಂದು ಒಂದು ಕೊಡ ಕಸಿದುಕೊಂಡು ಹೊರಟ. ನಡುಬಂಡೆಯಲ್ಲಿ ಇದ್ದಾಗಲೇ ಮುಂದಿನ ಪೆಟ್ಟು ಬಿತ್ತು. ಅವನು ಹಾಗೇ ನಿಂತ. ಹಿಂದೆ ನೋಡಿದ, ಮುಂದೆ ನೋಡಿದ. ಎರಡೂ ಅಂಚಿನಲ್ಲಿ ಹೆಂಗಸರು ಏನೋ ಹೇಳಿಕೊಳ್ಳುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು. ಅವನ ಕಾಲು ಜಾರತೊಡಗಿತು.

ಪೊದೆಯ ನೆರಳಿನಲ್ಲಿದ್ದವಳನ್ನು ಕಂಡು, "ಅಲ್ಲವ್ವಾ, ಇಲ್ಲಿ ನಿಂತರೆ ಯಾರ ಮಾತೂ ಕೇಳಿಸುವುದಿಲ್ಲವಲ್ಲ!" ಎಂದ.

"ಹೌದೇನಪ್ಪಾ?" ಅವಳು ಎದ್ದು ನಿಂತಳು. "ನನ್ನ ಕಿವಿಯೇ ಮಂದ ಅಂದುಕೊಂಡಿದ್ದೆ."

ಮೇಸ್ತ್ರಿ ಕಲ್ಲುಕುಟಿಗನನ್ನು ಕರೆಸಿದ. ತನ್ನ ಕಾಲು ಜಾರಿದ ಜಾಗದಲ್ಲೇ, ಎರಡು ಪಾದ ಹಿಡಿಯುವಷ್ಟು ಬಂಡೆ ಕಡಿಸಿದ. ಅಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿ, ಹಾಸುಬಂಡೆಯವಳನ್ನು ಮತ್ತೆ ಕರೆದ.

ವ್ಯಾಪಾರಿಗೆ ಸಮಾಧಾನವಾಗಲಿಲ್ಲ. "ನೀರು ಬೇಗ ಬರಲಿ ಅಂದರೆ ನಡುವೆ ಇನ್ನೊಂದು ಕೈ ಸೇರಿಸ್ತೀಯಲ್ಲಯ್ಯಾ! ಕೊಡ ಮೇಲೆ ಬರೋದು ಇನ್ನೂ ಒಂದು ಪೆಟ್ಟು ತಡ ಆಯಿತು," ಎಂದ.

"ಮೊದಲ ಕೊಡ ತಡವಾಗುತ್ತೆ ಸ್ವಾಮೀ. ಅದರ ಹಿಂದಿನವು ಹೇಗೆ ಬರ್ತಾವೆ ನೋಡಿ," ಎಂದ ಮೇಸ್ತ್ರಿ.

ಮೊದಲ ಕೊಡ ಒಂದು ಪೆಟ್ಟು ತಡವಾಗಿಯೇ ಬಂತು. ಆಮೇಲೆ ಪೆಟ್ಟಿಗೊಂದು ಕೊಡ ಬರತೊಡಗಿತು. ಒಬ್ಬಳ ದಾರಿ ಇಬ್ಬರಿಗೆ ಹಂಚಿಹೋಗಿತ್ತು, ಯಾರೂ ಓಡಬೇಕಾಗಿರಲಿಲ್ಲ. ತಮಟೆಯವನು ಕೈ ಚುರುಕು ಮಾಡಿದ. ಕೊಡ ತುಳುಕಲಿಲ್ಲ. ಇನ್ನಷ್ಟು ಚುರುಕು ಮಾಡಿದ. ಆಗಲೂ ತುಳುಕಲಿಲ್ಲ. ಮಳೆ ಹನಿಯುವ ಮೊದಲು ಗೋಡೆ ಎದ್ದಿತು.

ಬಂಡೆಯ ನಡುವೆ ನಿಂತವಳು ಆ ದಿನ ಕೊಡ ತೆಗೆದುಕೊಳ್ಳುತ್ತ ಹಾಸುಬಂಡೆಯವಳನ್ನು ಏನೋ ಕೇಳಿದಳು. ಅವಳು ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ತನ್ನ ಹೆಸರು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಸುಗುಣಾ ಆಗಲೇ ಮನಸ್ಸಿನಲ್ಲಿ ಸರ್ಕ್ಯೂಟ್ ಬಿಡಿಸುತ್ತಿದ್ದಳು. "ಗೊತ್ತಾಯಿತು ಸರ್. ಆ ದಾರಿಯೇ ಉದ್ದ. ಅದರ ನಡುವೆ ಒಂದು ರಿಜಿಸ್ಟರ್ ಇಟ್ಟರೆ ಸಂಕೇತ ಅಲ್ಲಿ ಒಂದು ಬಡಿತ ನಿಂತು ಮುಂದೆ ಹೋಗುತ್ತೆ. ಮೊದಲ ಉತ್ತರ ಒಂದು ಬಡಿತ ತಡ, ಆದರೆ ಇಡೀ ಕ್ಲಾಕಿನ ಬಡಿತವನ್ನು ಚುರುಕು ಮಾಡಬಹುದು. ಉಳಿದ ನಾಲ್ಕು ಭಾಗಗಳನ್ನು ನಾವು ಎಷ್ಟು ತಿದ್ದಿದರೂ ಪ್ರಯೋಜನ ಆಗಲಿಲ್ಲ, ಅಲ್ಲೆಲ್ಲ ಸಮಯ ಮೊದಲೇ ಮಿಕ್ಕಿತ್ತು. ಕೆಲಸ ಹಂಚುವಾಗ ಆ ಉದ್ದದ ದಾರಿಯನ್ನು ಜಯಶೀಲಾಳಿಗೆ ಕೊಟ್ಟವಳು ನಾನೇ."

"ಸರಿ. ಸರ್ಕ್ಯೂಟಿನ ಮಾತು ಮುಗಿಯಿತು," ಎಂದರು ಗುರುಗಳು.

ಸುಗುಣಾ ಎದ್ದಳು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ಆದರೂ ಅವಳೊಳಗೆ ಒಂದು ಅಸಮಾಧಾನ ಉಳಿದಿತ್ತು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಆದರೆ ಸರ್, ಅವಳದ್ದೂ ತಪ್ಪಿದೆ. ಅಷ್ಟು ದಿನ ಒಬ್ಬಳೇ ಕಷ್ಟಪಡೋ ಬದಲು ಒಂದು ಮಾತು ಹೇಳಬಾರದಿತ್ತಾ?"

ಗುರುಗಳು ಕೊನೆಯ ಕಿಟಕಿಯ ಹತ್ತಿರ ಹೋಗಿ, ಅಲ್ಲಿದ್ದ ಒಂಟಿ ಕುರ್ಚಿಯ ಮೇಲೆ ಕೈಯಿಟ್ಟು ಕೇಳಿದರು:

"ಯಾರಿಗೆ ಹೇಳಬೇಕಿತ್ತಮ್ಮ?"