ಹಾಳೆ ಬಿಡಿಸದ ಪುಸ್ತಕ

ಕಾಲೇಜಿನ ಗ್ರಂಥಾಲಯದ ಗಾಜಿನ ಬೀರುವಿನಲ್ಲಿ ಹಳೆಯ ಇಂಗ್ಲಿಷ್ ನಾಟಕದ ಪುಸ್ತಕವೊಂದಿತ್ತು. ಕೂಡಿಕೊಂಡ ಹಾಳೆಗಳ ಅಂಚನ್ನು ಚಾಕುವಿನಿಂದ ಬಿಡಿಸಿ ಓದುತ್ತಿದ್ದ ಕಾಲದ ಪುಸ್ತಕ ಅದು. ಇದುವರೆಗೆ ಯಾರೂ ಬಿಡಿಸಿರಲಿಲ್ಲ. ಎದುರಿನ ಮೇಜಿನ ಮೇಲೆ ಅದೇ ನಾಟಕವನ್ನೂ ಅದರ ಬಗೆಗಿನ ಉಪನ್ಯಾಸವನ್ನೂ ಕೇಳಿಸುವ ಕ್ಯಾಸೆಟ್ಟು. ಸಂಜೆಯಾದರೆ ಅದರ ಸುತ್ತ ಜನ.

ಪುಸ್ತಕ ಗದರಿತು: "ಎಲವೋ ಕ್ಯಾಸೆಟ್ಟೇ, ಕಿವಿಗೆ ಬಿದ್ದದ್ದೆಲ್ಲ ಸಾಹಿತ್ಯವಾದೀತೆ? ನನ್ನ ಮರ್ಯಾದೆಯನ್ನು ಬೀದಿಗೆಳೆಯುತ್ತಿದ್ದೀಯೆ. ಬಾಯಿ ಮುಚ್ಚು."

"ಮುಚ್ಚುವುದಿಲ್ಲ," ಎಂದಿತು ಕ್ಯಾಸೆಟ್ಟು. "ನಾಟಕ ಹುಟ್ಟಿದ್ದೇ ಬಾಯಲ್ಲಿ ಆಡುವುದಕ್ಕೆ, ಕಿವಿಯಲ್ಲಿ ಕೇಳುವುದಕ್ಕೆ. ಬೀರುವಿನಲ್ಲಿ ಕೂರುವುದಕ್ಕಲ್ಲ."

ಅಂದು ಸಂಜೆ, ನಾಟಕದ ರಾಣಿ ಸೆರೆಮನೆಯ ಬಾಗಿಲಲ್ಲಿ ನಿಂತು ಮಾತೆತ್ತಿದ ಕಡೆಯೇ ಟೇಪು ಸಿಕ್ಕಿಕೊಂಡು ತುಂಡಾಯಿತು.

"ತೀರಿತೇ ನಿನ್ನ ಪಾಂಡಿತ್ಯ?" ಎಂದು ಪುಸ್ತಕ ನಕ್ಕಿತು.

ಕೇಳುತ್ತ ಕೂತಿದ್ದ ವಾರಿಜಾ ಎಂಬ ವಿದ್ಯಾರ್ಥಿನಿ ಟೇಪಿನ ನಜ್ಜುಗುಜ್ಜಾದ ತುಣುಕನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿದಳು. ಮತ್ತೆ ಹಾಕಿದರೆ ರಾಣಿಯ ಮಾತೇ ಮಾಯ. "ಅಯ್ಯೋ, ಏನಂದಳೋ ತಿಳಿಯದೆ ನಾನು ಮನೆಗೆ ಹೋಗಲಾರೆ," ಎಂದವಳೇ ಬೀರುವಿನ ಬೀಗ ತೆಗೆಸಿ, ಪುಸ್ತಕ ಹೊರಗೆಳೆದು, ಚಾಕು ಹಿಡಿದಳು.

ಪುಸ್ತಕ ನಡುಗಿತು: "ನನ್ನನ್ನು ಕೊಯ್ಯುತ್ತಾಳಲ್ಲೋ!"

"ಕೊಯ್ಯಲಿ," ಎಂದಿತು ಕ್ಯಾಸೆಟ್ಟು. "ನಾನು ಎಷ್ಟೋ ಸಲ ತುಂಡಾದೆ, ಆದರೂ ಮಾತು ಬಿಡಲಿಲ್ಲ. ಇಷ್ಟು ವರ್ಷ ಇಡಿಯಾಗಿದ್ದ ನಿನ್ನನ್ನು ಯಾರು ಓದಿದರು?"